ಬೆನ್ನ ಹಿಂದಿನ ಹೆಜ್ಜೆ

"ಅಲ್ಲ, ಅವಳು ಯಾವುದಕ್ಕೆ ಹೆದರ್ತಿದಾಳೆ ಅಂತ ನೀವಾದ್ರೂ ಹೇಳಿ," ಎಂದು ಮುಂದಿನ ಸಾಲಿನ ಹೆಂಗಸು ಗಂಡನನ್ನು ಕೇಳಿದಳು. ಮಧ್ಯಂತರದ ದೀಪ ಆಗಷ್ಟೇ ಹತ್ತಿತ್ತು. ಗಂಡ ಕಣ್ಣುಜ್ಜಿಕೊಂಡು, ತನಗೂ ತಿಳಿಯಲಿಲ್ಲವೆಂದೂ, ಹೇಗೂ ಬಂದಾಗಿದೆ, ಮುಂದಾದರೂ ತಿಳಿಯುತ್ತದೇನೋ ನೋಡೋಣವೆಂದೂ ಹೇಳಿದ.

ಅವರ ಹಿಂದೆಯೇ ಕೂತಿದ್ದ ಸಪ್ಪಳನಿಗೆ ಮೊದಲು ಬಂದದ್ದು ಸಿಟ್ಟು. ಈಯಮ್ಮನ ಕಿವಿಗೇನು ಹತ್ತಿ ತುರುಕಿದ್ದಾರೆಯೇ? ಈಗ ತಾನೇ ಚಿತ್ರದ ಸೊಸೆ ಅಡುಗೆಮನೆಯಲ್ಲಿ ಒಬ್ಬಳೇ ಪಾತ್ರೆ ಒರೆಸುತ್ತ ನಿಂತಿದ್ದಾಗ, ಸತ್ತ ಅತ್ತೆ ಎಡಗಾಲು ಎಳೆದುಕೊಂಡು ನಡುಮನೆ ದಾಟಿ ಬಂದಿದ್ದಳು. ಅವಳ ಸೊಂಟದ ಬೀಗದ ಕೈ ಗೊಂಚಲು ಒಮ್ಮೆ ಝಣ್ ಎಂದು, ಯಾರೋ ಅದುಮಿ ಹಿಡಿದಂತೆ ತಟ್ಟನೆ ನಿಂತಿತ್ತು. ಆ ಒಂದು ಸದ್ದಿಗಾಗಿ ಅವನು ನೆಂಟರಿಷ್ಟರ ಮನೆಯ ತುಕ್ಕು ಹಿಡಿದ ಬೀಗದ ಕೈಗಳನ್ನೆಲ್ಲ ಬೇಡಿ ತಂದಿದ್ದ. ಇಷ್ಟು ಕೇಳಿಯೂ ಯಾವುದಕ್ಕೆ ಹೆದರಬೇಕು ಎನ್ನುವವರಿಗೆ ಏನು ಹೇಳುವುದು? ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದುಕೊಂಡು ಎದ್ದ.

ಸಪ್ಪಳ ಎನ್ನುವುದು ಸಿನಿಮಾದವರು ಅವನಿಗೆ ಇಟ್ಟ ಹೆಸರು. ಪರದೆಯ ಮೇಲೆ ಯಾರಾದರೂ ನಡೆದರೆ ಆ ಹೆಜ್ಜೆ, ಬಾಗಿಲು ತೆರೆದರೆ ಆ ಕಿರುಗುಟ್ಟು, ಸೀರೆ ಸರಿದರೆ ಆ ಸರಪರ, ಇವನ್ನೆಲ್ಲ ಕತ್ತಲ ಕೋಣೆಯಲ್ಲಿ ಚಿತ್ರ ನೋಡುತ್ತ ಕೈಯಾರೆ ಮಾಡಿ ತುಂಬುವುದು ಅವನ ಕಸುಬು. ಲೋಕದಲ್ಲಿ ಎಲ್ಲರೂ ಕಾಲಿಗೆ ಹಾಕುವ ಚಪ್ಪಲಿಯನ್ನು ನಮ್ಮವರು ಕೈಗೆ ಹಾಕ್ಕೋತಾರೆ ಎಂದು ಹೆಂಡತಿ ಮದುವೆಯಾದ ಹೊಸತರಲ್ಲಿ ಬಂದವರ ಮುಂದೆಲ್ಲ ನಗಾಡುತ್ತಿದ್ದಳು.

ಈ ಚಿತ್ರ ಅವಳ ತಮ್ಮನದು. ಚಿಕ್ಕವನಿದ್ದಾಗ ಬಾಗಿಲ ಸಂದಿಯಲ್ಲಿ ಅಡಗಿ ಕೂತು ಮನೆಮಂದಿಯನ್ನೆಲ್ಲ ಬೆಚ್ಚಿಬೀಳಿಸುತ್ತಿದ್ದ ಅವನಿಗೆ ಗುಮ್ಮ ಎಂಬ ಹೆಸರು ನಿಂತುಬಿಟ್ಟಿತ್ತು. ಆ ಗುಮ್ಮ ಮೀಸೆ ಬಂದ ಮೇಲೂ ಚಟ ಬಿಡದೆ, ಇದ್ದ ಕೆಲಸ ಬಿಟ್ಟು, ಅಕ್ಕನ ಮನೆಯಲ್ಲೇ ಉಂಡು, ಅಕ್ಕನ ಮನೆಯಲ್ಲೇ ಕ್ಯಾಮೆರಾ ಇಟ್ಟು, ವರ್ಷಗಟ್ಟಲೆ ಹೆಣಗಾಡಿ ಒಂದು ದೆವ್ವದ ಸಿನಿಮಾ ಮುಗಿಸಿದ್ದ. ಅದಕ್ಕೆ ಪರದೆ ಕೊಟ್ಟದ್ದು ಈ ಒಂದು ಹಳೆಯ ಚಿತ್ರಮಂದಿರ ಮಾತ್ರ. ಇಂದು ಮೊದಲ ದಿನ. ಬೆಳಗಿನ ಆಟಕ್ಕೆ ನೆಂಟರು, ಗೆಳೆಯರು ಬಂದು ಚಪ್ಪಾಳೆ ತಟ್ಟಿ ಹೋಗಿದ್ದರು. ಈ ಮಧ್ಯಾಹ್ನದ ಆಟಕ್ಕೆ ಬಂದವರು ನಿಜವಾದ ಪ್ರೇಕ್ಷಕರು.

ಆ ನಿಜವಾದ ಪ್ರೇಕ್ಷಕರು ಹೊರಗೆ ಚಹಾದ ಅಂಗಡಿಯ ಮುಂದೆ ನಿಂತು ನಗುತ್ತಿದ್ದರು. "ಅತ್ತೆ ಅತ್ತೆ ಅಂತಾರೆ, ಎಲ್ಲಿದಾಳ್ರೀ ಅತ್ತೆ? ನಮ್ಮತ್ತೆ ಬದುಕಿದ್ದೇ ಇದಕ್ಕಿಂತ ಚೆನ್ನಾಗಿ ಹೆದರಿಸ್ತಾರೆ," ಎಂದ ಒಬ್ಬ ದಪ್ಪನೆಯ ಆಸಾಮಿ. ಆ ಹುಡುಗಿ ಸುಮ್ಮಸುಮ್ಮನೆ ಹಿಂದೆ ತಿರುಗಿ ತಿರುಗಿ ನೋಡುವುದನ್ನು ಕಂಡು ತನ್ನ ಕತ್ತೇ ಉಳುಕಿತು ಎಂದ ಇನ್ನೊಬ್ಬ. ದೆವ್ವಕ್ಕೆ ಸಂಬಳ ಕೊಡುವ ಶಕ್ತಿ ಇವರಿಗಿರಲಿಲ್ಲವೇನೋ ಎಂದ ಮೂರನೆಯವನು. ಸಪ್ಪಳ ಚಹಾ ಕೈಯಲ್ಲಿ ಹಿಡಿದು ಕಿವಿಗೊಟ್ಟ. ಎಲ್ಲವನ್ನೂ ಬೈದರು, ಆದರೆ ಹೆಜ್ಜೆಯ ಮಾತು ಯಾರೂ ಎತ್ತಲಿಲ್ಲ. ಬೀಗದ ಕೈ ಚೆನ್ನಾಗಿಲ್ಲ ಎಂದು ಕೂಡ ಯಾರೂ ಅನ್ನಲಿಲ್ಲ. ಚಹಾವನ್ನು ಅರ್ಧಕ್ಕೇ ಇಟ್ಟು ಒಳಗೆ ನಡೆದ.

ಉತ್ತರಾರ್ಧ ಶುರುವಾಗುವಾಗ ಅವನು ಹಿಂದಿನ ಗೋಡೆಗೆ ಒರಗಿ, ಗೋಡೆಗೆ ಬಡಿದಿದ್ದ ಸ್ಪೀಕರ್ ಪೆಟ್ಟಿಗೆಯ ಕೆಳಗೆ ನಿಂತ. ಪರದೆಯ ಮೇಲೆ ಸೊಸೆ ದೀಪ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ನಿಂತಳು. ತಿರುಗಿದಳು. ಝಣ್. ಕೇಳಿಸುತ್ತಿದೆಯಲ್ಲ ಎಂದು ಅವನ ಜೀವಕ್ಕೆ ಸಮಾಧಾನವಾಯಿತು. ಆದರೂ ಪರೀಕ್ಷೆಗೆಂದು ಎರಡೂ ಕಿವಿಗಳನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿಕೊಂಡ. ಸೊಸೆ ಮತ್ತೆ ಒಂದು ಮೆಟ್ಟಿಲು ಹತ್ತಿ ತಿರುಗಿದಳು. ಮುಚ್ಚಿದ ಕಿವಿಯೊಳಗೆ ಬೀಗದ ಕೈ ಅಷ್ಟೇ ಸ್ಪಷ್ಟವಾಗಿ ಝಣ್ ಎಂದಿತು.

ಅವನು ಕುರ್ಚಿಯೊಂದರ ಮೇಲೆ ಹತ್ತಿ ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಬದುಕಿರುವ ಪೆಟ್ಟಿಗೆ ಅಂಗೈಗೆ ಮಿಡಿಯುತ್ತದೆ. ಇದು ಹೆಣದಂತೆ ತಣ್ಣಗಿತ್ತು. ಕೈಗೆ ಬಂದದ್ದು ದಪ್ಪ ದೂಳು ಅಷ್ಟೇ. ಪಕ್ಕದ್ದೂ ಹಾಗೆಯೇ. ಅದರ ಪಕ್ಕದ್ದೂ. ಬೆಳಗಿನಿಂದ ತನ್ನ ಕಿವಿ ಕೇಳಿದ್ದೆಲ್ಲ ನೆನಪು. ತಿಂಗಳುಗಟ್ಟಲೆ ಅದೇ ಸದ್ದನ್ನು ತಿರುಗಿಸಿ ಮುರುಗಿಸಿ ಕೇಳಿದ ಕಿವಿ, ಚಿತ್ರದಲ್ಲಿ ಆ ಜಾಗ ಬಂದ ಕೂಡಲೇ ಸದ್ದನ್ನು ತಾನೇ ತುಂಬಿಕೊಳ್ಳುತ್ತಿತ್ತು. ಉಳಿದವರೆಲ್ಲ ಒಂದು ಹೆಣ್ಣು ಖಾಲಿ ಮನೆಯಲ್ಲಿ ಓಡಾಡುತ್ತ ಏನೂ ಇಲ್ಲದ್ದಕ್ಕೆ ಕಿರುಚುವುದನ್ನು ನೋಡುತ್ತಿದ್ದರು.

ಮೇಲಿನ ಪ್ರೊಜೆಕ್ಟರ್ ಕೋಣೆಯಲ್ಲಿ ಆಪರೇಟರ್ ಕಿಟಕಿಗೆ ಕಾಲು ಕೊಟ್ಟು ಕೂತಿದ್ದ. ಹಿಂದಿನ ಪೆಟ್ಟಿಗೆಗಳೇ? ಅವುಗಳ ತಂತಿ ಇಲಿ ಕಡಿದು ಯಾವ ಕಾಲವಾಯಿತೋ, ಯಾರೂ ಕೇಳಲಿಲ್ಲ, ತಾನೂ ಹೇಳಲಿಲ್ಲ ಎಂದ. "ಮಾತು, ಹಾಡು, ಹೊಡೆದಾಟ ಎಲ್ಲಾ ಮುಂದಿಂದಾನೇ ಬರತ್ತಲ್ಲ ಸಾರ್, ಹಿಂದಿಂದ ಇನ್ನೇನು ಬರಬೇಕು?" ಎಂದು ಸಪ್ಪಳನನ್ನೇ ಕೇಳಿದ. ಹಿಂದಿನಿಂದ ಬರಬೇಕಾದದ್ದು ದೆವ್ವ. ಇಡೀ ದೆವ್ವವನ್ನು ಸಪ್ಪಳ ಹಿಂದಿನ ಪೆಟ್ಟಿಗೆಗಳಲ್ಲೇ ಇಟ್ಟಿದ್ದ.

ಅದು ಅವನದೇ ಹಟ. ಗುಮ್ಮ ದೆವ್ವವನ್ನು ತೋರಿಸಬೇಕೆಂದೇ ಇದ್ದ. ಬೇರೆ ನಟಿಯನ್ನು ಕರೆಸುವ ತ್ರಾಣವಿಲ್ಲದೆ ಅಕ್ಕನ ಮುಖಕ್ಕೇ ಬೂದಿ ಬಣ್ಣ ಬಳಿದು, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿ, ಎಡಗಾಲು ಎಳೆದು ನಡೆಯುವುದನ್ನು ಕಲಿಸಿ ಚಿತ್ರೀಕರಿಸಿಯೂ ಇದ್ದ. ಅವಳು ಅದನ್ನು ಮಾಡಿದ್ದು ಚೆನ್ನಾಗಿಯೇ ಇತ್ತು. ಸಂಕಲನದ ಹೊತ್ತಿಗೆ ಸಪ್ಪಳ ಅಡ್ಡ ಬಂದ. "ತೋರಿಸಿದ ದೆವ್ವ ಅಲ್ಲೇ ಸತ್ತುಹೋಗತ್ತೆ ಕಣೋ. ಕಾಣಿಸ್ಬಾರ್ದು, ಕೇಳಿಸ್ಬೇಕು. ಅದೂ ನೋಡೋರ ಬೆನ್ನ ಹಿಂದೆ ಕೇಳಿಸ್ಬೇಕು." ಭಾವನ ಮಾತೆಂದರೆ ಗುಮ್ಮನಿಗೆ ವೇದವಾಕ್ಯ. ಅಕ್ಕನ ದೃಶ್ಯಗಳೆಲ್ಲ ಕತ್ತರಿಗೆ ಬಿದ್ದವು. ಸದ್ದುಗಳನ್ನೆಲ್ಲ ಬೆರೆಸುವ ದಿನ ಅಲ್ಲಿನ ಇಂಜಿನಿಯರು, ಸಣ್ಣ ಊರಿನ ಚಿತ್ರಮಂದಿರಗಳನ್ನು ನಂಬುವಂತಿಲ್ಲ, ಸ್ವಲ್ಪವಾದರೂ ಮುಂದಿನ ಸ್ಪೀಕರಿಗೂ ಹಾಕಿರಿ ಎಂದು ಎಚ್ಚರಿಸಿದ್ದ. "ಮುಂದಿಂದ ಬಂದ್ರೆ ನೆಂಟರು ಕಣಯ್ಯಾ, ಹಿಂದಿಂದ ಬಂದ್ರೆ ದೆವ್ವ," ಎಂದಿದ್ದ ಸಪ್ಪಳ. ಎಲ್ಲರೂ ನಕ್ಕಿದ್ದರು. ಆ ಮಾತನ್ನು ಆಮೇಲೆ ಅವನೇ ಎಷ್ಟೋ ಕಡೆ ಹೇಳಿಕೊಂಡು ತಿರುಗಿದ್ದ.

ಸಪ್ಪಳ ಅಲ್ಲಿಂದ ಇಳಿದು ಹೋದದ್ದು ಚಿತ್ರಮಂದಿರದ ಮ್ಯಾನೇಜರ ಬಳಿಗೆ. ಅವನೇನೂ ಒರಟನಲ್ಲ. ತಂತಿ ಎಳೆಸಲು ಮಾಲೀಕರು ಒಪ್ಪಬೇಕು, ಮಾಲೀಕರು ಊರಲ್ಲಿಲ್ಲ, ಸದ್ದನ್ನು ಮತ್ತೆ ಬೆರೆಸಿ ಹೊಸದಾಗಿ ತರುವುದಾದರೆ ತನ್ನದೇನೂ ಅಡ್ಡಿಯಿಲ್ಲ, ಆದರೆ ಅಷ್ಟು ದಿನ ಪರದೆ ಖಾಲಿ ಬಿಡುವಂತಿಲ್ಲ ಎಂದು ತಿಳಿಸಿ ಹೇಳಿದ. ಸಂಜೆಯ ಆಟಕ್ಕೂ ಜನ ಹೀಗೆಯೇ ಎದ್ದು ಹೋದರೆ ನಾಳೆಯಿಂದ ಬೇರೆ ಚಿತ್ರ. "ಬೇಜಾರು ಮಾಡ್ಕೋಬೇಡಿ ಸಾರ್. ನಾನೂ ಕೂತು ನೋಡ್ದೆ. ಏನೂ ಆಗೋದೇ ಇಲ್ವಲ್ಲ ಅದ್ರಲ್ಲಿ."

ಹೊರಗಿನ ಮೆಟ್ಟಿಲ ಮೇಲೆ ಗುಮ್ಮ ಕೂತಿದ್ದ. ಆಟ ಮುಗಿಯುವ ಮೊದಲೇ ಹೊರಬಂದ ಜನ ಅವನನ್ನು ದಾಟಿಕೊಂಡೇ ಹೋಗುತ್ತಿದ್ದರು. ಒಬ್ಬ ಅವನನ್ನೇ ಕರೆದು, ಒಳಗೆ ಹೋಗುವುದಿದ್ದರೆ ಬೇಡ, ಸುಮ್ಮನೆ ಮನೆಗೆ ಹೋಗಿ ಮಲಗಿ ಎಂದು ಬುದ್ಧಿ ಹೇಳಿದ. ಗುಮ್ಮ ಆಗಲಿ ಎಂಬಂತೆ ತಲೆಯಾಡಿಸಿದ. ಮುಖದಲ್ಲಿ ಅಳುವಿರಲಿಲ್ಲ, ಸಿಟ್ಟಿರಲಿಲ್ಲ. ಬಾಡಿಗೆಯವರು ಬಿಟ್ಟುಹೋದ ಮನೆಯಂತಿತ್ತು ಆ ಮುಖ.

"ಭಾವ," ಎಂದ ಅವನು, "ನಂಗೆ ಕತೆ ಹೇಳೋಕೆ ಬರಲ್ಲ. ಬರತ್ತೆ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ, ಅಷ್ಟೇ."

ಸಪ್ಪಳನ ನಾಲಿಗೆಯ ತುದಿಗೆ ಬಂದಿತ್ತು: ನಿನ್ನದಲ್ಲ ಕಣೋ, ನನ್ನದು. ಬಾಯಿ ತೆರೆದ. ಹೇಳಿದರೆ, ಅಕ್ಕನನ್ನು ಕಿತ್ತುಹಾಕಿಸಿ ಗಾಳಿಯನ್ನು ತುಂಬಿದವನು ನೀನೇ ಎಂದು ಈ ಹುಡುಗ ನೋಡುತ್ತಾನಲ್ಲ, ಆ ನೋಟವನ್ನು ತಾಳುವ ಧೈರ್ಯ ಅವನಿಗೆ ಬರಲಿಲ್ಲ. ಬಾಯಿ ಮುಚ್ಚಿಕೊಂಡ. ಅಷ್ಟರಲ್ಲಿ ಹೆಂಡತಿ ಬಂದು ಸಪ್ಪಳನ ತೋಳು ಹಿಡಿದು ಕಂಬದ ಮರೆಗೆ ಕರೆದೊಯ್ದಳು. ತಮ್ಮ ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿಲ್ಲ ಎಂದಳು. ಹಿಂದೊಮ್ಮೆ ಕೆಲಸ ಬಿಟ್ಟ ಹೊಸತರಲ್ಲಿ ಗುಮ್ಮ ಹೀಗೆಯೇ ಮಾತು ಬಿಟ್ಟು, ಕೋಣೆಯ ಅಗುಳಿ ಹಾಕಿಕೊಂಡದ್ದನ್ನೂ, ನೆರೆಯವರನ್ನು ಕೂಗಿ ಬಾಗಿಲು ಒಡೆಸಿದ್ದನ್ನೂ ಇಬ್ಬರೂ ಮರೆತಿರಲಿಲ್ಲ.

"ಅವನು ಅತ್ರೆ ನಂಗೆ ಭಯ ಇಲ್ಲ ರೀ. ಕೂಗಾಡಿದ್ರೂ ಇಲ್ಲ. ಹೀಗೆ ಎಲ್ಲದಕ್ಕೂ ಹೂಂ ಅಂತಾನಲ್ಲ, ಅದಕ್ಕೇ ಭಯ. ಏನಾದ್ರೂ ಮಾಡಿ."

ಸಂಜೆಯ ಆಟಕ್ಕೆ ಮುಂಚೆ ಸಪ್ಪಳ ಮನೆಗೆ ಓಡಿ ಹೋಗಿ ತನ್ನ ಸಾಮಾನಿನ ಗಂಟು ಬಿಚ್ಚಿದ. ಅತ್ತೆಯ ಹೆಜ್ಜೆಗೆ ಬಳಸಿದ್ದ ಸವೆದ ಚರ್ಮದ ಚಪ್ಪಲಿ, ಬೀಗದ ಕೈ ಗೊಂಚಲು, ಒಂದು ಹಳೆಯ ಸೀರೆಯ ತುಂಡು. ಇದು ಹುಚ್ಚುತನವೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಪೆಟ್ಟಿಗೆ ಸತ್ತಿದ್ದರೆ ಸಾಯಲಿ, ಕೈ ಸತ್ತಿಲ್ಲವಲ್ಲ.

ಸಂಜೆ ಅಲ್ಲೊಬ್ಬರು ಇಲ್ಲೊಬ್ಬರು ಎಂಬಂತೆ ಜನ. ಗುಮ್ಮ ಎಲ್ಲಕ್ಕಿಂತ ಮುಂದಿನ ಸಾಲಿನ ಮೂಲೆಯಲ್ಲಿ, ಪರದೆಯನ್ನೂ ನೋಡದೆ ತಲೆ ತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ಅಕ್ಕ. ದೀಪ ಆರಿದ ಮೇಲೆ ಸಪ್ಪಳ ಕೊನೆಯ ಸಾಲಿನ ಹಿಂದಿನ ಓಣಿಯಲ್ಲಿ ಮಂಡಿಯೂರಿದ. ನೆಲಕ್ಕೆ ನಾರಿನ ಚಾಪೆ ಹಾಸಿದ್ದರು, ಅದರ ಮೇಲೆ ಚಪ್ಪಲಿ ಸದ್ದು ಕೊಡದು. ಕತ್ತಲಲ್ಲಿ ತಡಕಾಡಿ ಚಾಪೆ ಹರಿದು ಸಿಮೆಂಟು ಕಂಡಿದ್ದ ಒಂದು ಜಾಗ ಹುಡುಕಿಕೊಂಡ. ಕೈಗಳಿಗೆ ಚಪ್ಪಲಿ ತೊಟ್ಟ. ಅಡುಗೆಮನೆಯ ದೃಶ್ಯ ಬಂತು. ಬಲಗೈ ಊರಿ, ಎಡಗೈ ಎಳೆದ. ಟಪ್. ಸರ್.

ಚಪ್ಪಲಿಯ ಸದ್ದು ನಾಲ್ಕು ಸಾಲಿನಷ್ಟು ಮುಂದೆ ಹೋಗಿ ತಲುಪಿತು. ಕಾಳು ಜಗಿಯುತ್ತಿದ್ದವನೊಬ್ಬ ಜಗಿಯುವುದನ್ನು ನಿಲ್ಲಿಸಿದ. ಟಪ್. ಸರ್. ಬೀಗದ ಕೈಯನ್ನು ಒಮ್ಮೆ ಕುಲುಕಿ ಸೀರೆಯ ತುಂಡಿನಲ್ಲಿ ಅದುಮಿದ. ಕೊನೆಯ ಸಾಲಿನ ಹತ್ತಿರ ಒಬ್ಬಳೇ ಕೂತಿದ್ದ ಹುಡುಗಿಯೊಬ್ಬಳು, ಹಿಂದೆ ನೋಡುವ ಧೈರ್ಯವಾಗದೆ, ಎರಡೂ ಕಾಲುಗಳನ್ನು ಮೆಲ್ಲಗೆ ಕುರ್ಚಿಯ ಮೇಲಕ್ಕೆ ಎಳೆದುಕೊಂಡಳು. ಮಂದಿರ ಮೌನವಾಯಿತು. ಮೌನದಲ್ಲಿ ಬಗೆಗಳಿವೆ ಎಂಬುದು ಅವನಿಗೆ ಗೊತ್ತು. ಬೇಸರದ ಮೌನದಲ್ಲಿ ಕೆಮ್ಮಿರುತ್ತದೆ, ಕುರ್ಚಿಯ ಕಿರುಗುಟ್ಟಿರುತ್ತದೆ. ಹೆದರಿಕೆಯ ಮೌನದಲ್ಲಿ ಏನೂ ಇರುವುದಿಲ್ಲ. ಅವನ ಕಣ್ಣು ತುಂಬಿ ಬಂತು. ಇಷ್ಟು ದಿನ ಮಾಡಿದ ಕೆಲಸಕ್ಕೆ ಇದೇ ಮೊದಲ ಸಲ ಯಾರೋ ನಿಜವಾಗಿ ಹೆದರುತ್ತಿದ್ದರು.

ಮಧ್ಯಂತರದಲ್ಲಿ ಹೊರಗೆ ಹೋಗಿದ್ದು, ದೀಪ ಆರಿದ ಮೇಲೆ ಮತ್ತೆ ಬಂದು ಮಂಡಿಯೂರಿದ. ಮೆಟ್ಟಿಲ ದೃಶ್ಯಕ್ಕೆ ಸದ್ದು ಎಡಮೂಲೆಯಿಂದ ಬಲಮೂಲೆಗೆ ಹೋಗಬೇಕು. ಕುಳಿತಲ್ಲೇ ಮಾಡಿ ಮುಗಿಸಬಹುದಿತ್ತು, ಆದರೆ ಮನಸ್ಸು ಒಪ್ಪಲಿಲ್ಲ. ಬೀಗದ ಕೈ ಗೊಂಚಲನ್ನು ಹಲ್ಲಿನಲ್ಲಿ ಕಚ್ಚಿ, ಚಾಪೆಯ ಅಂಚನ್ನು ಸರಿಸಿಕೊಳ್ಳುತ್ತ ಅಂಬೆಗಾಲಿನಲ್ಲಿ ಹೊರಟ. ಅರ್ಧ ದಾರಿಗೆ ಮಂಡಿ ಹಿಡಿದುಕೊಂಡಿತು. ಏದುಸಿರು ಬಂತು. ಅದು ಅತ್ತೆಯ ಉಸಿರಲ್ಲ, ತೊಂದರೆಗೆ ಸಿಕ್ಕಿದ ನಡುವಯಸ್ಸಿನ ಗಂಡಸಿನ ಉಸಿರು. ಗೊಂಚಲು ಹಲ್ಲಿನಿಂದ ಜಾರಿ ನೆಲಕ್ಕೆ ಬಿತ್ತು.

"ಯಾರ್ರೀ ಅದು?" ಎನ್ನುತ್ತಲೇ ಯಾರೋ ಮೊಬೈಲಿನ ಬೆಳಕು ಬಿಟ್ಟರು. ಬೆಳಕಿನಲ್ಲಿ ಕಂಡದ್ದು ಕೈಗೆ ಚಪ್ಪಲಿ ಹಾಕಿಕೊಂಡು ನಾಲ್ಕು ಕಾಲಿನಲ್ಲಿ ನಿಂತ ಒಬ್ಬ ಬೊಕ್ಕತಲೆಯ ಗೃಹಸ್ಥ. ಆಮೇಲೆ ಇಡೀ ಮಂದಿರ ನಕ್ಕಿತು. ಇನ್ನೂ ನಾಲ್ಕು ಬೆಳಕು ಹತ್ತಿದವು. "ಅತ್ತೆ ಸಿಕ್ಕಿದ್ರು ಬನ್ರೋ," ಎಂದ ಒಬ್ಬ. ಕುರ್ಚಿಯ ಮೇಲೆ ಕಾಲಿಟ್ಟುಕೊಂಡಿದ್ದ ಹುಡುಗಿ ಎಲ್ಲರಿಗಿಂತ ಜೋರಾಗಿ ನಕ್ಕಳು, ಆಮೇಲೆ ನಾಚಿಕೆಯೋ ಸಿಟ್ಟೋ, ಮೋಸ ಎಂದು ಗೊಣಗುತ್ತ ಎದ್ದು ಹೊರಟಳು. ಅವಳ ಹಿಂದೆ ಉಳಿದವರೂ ಹೊರಟರು. ಮ್ಯಾನೇಜರು ಬಾಗಿಲಲ್ಲಿ ಬಂದು ನಿಂತು, ಏನೂ ಬೈಯದೆ, ನಾಳೆಯ ಮಾತು ಇನ್ನು ಆಡುವುದು ಬೇಡ ಎಂದಷ್ಟೇ ಹೇಳಿದ. ಯಂತ್ರ ನಿಲ್ಲಿಸುವ ಆಪರೇಟರ್ ಊಟಕ್ಕೆ ಹೋಗಿದ್ದನಾದ್ದರಿಂದ ಚಿತ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು.

ಗುಮ್ಮ ನಿಧಾನವಾಗಿ ಹಿಂದೆ ಬಂದು, ನೆಲದ ಮೇಲಿದ್ದ ಭಾವನ ಮುಂದೆ ನಿಂತ. "ಏನ್ ಭಾವ ಇದು?"

ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹಿಂದಿನ ಪೆಟ್ಟಿಗೆಗಳು ಸತ್ತಿರುವುದನ್ನೂ, ಇಂಜಿನಿಯರು ಎಚ್ಚರಿಸಿದ್ದನ್ನೂ, ತಾನು ಕೇಳದೆ ಮೆರೆದದ್ದನ್ನೂ ಸಪ್ಪಳ ಒಂದೂ ಬಿಡದೆ ಹೇಳಿದ. ಹೇಳುವಾಗ ಚಪ್ಪಲಿಗಳನ್ನು ಕೈಯಿಂದ ತೆಗೆಯಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ. "ನಿನ್ನ ದೆವ್ವ ಈ ಜನಕ್ಕೆ ಕೇಳಿಸ್ಲೇ ಇಲ್ಲ ಕಣೋ. ಅವರು ನಿನ್ನ ಪಿಕ್ಚರ್ ನೋಡೇ ಇಲ್ಲ."

"ಕೇಳಿಸ್ತಿತ್ತಲ್ಲ ಭಾವ. ಬೆಳಿಗ್ಗೆಯಿಂದ ನಂಗೆ ಕೇಳಿಸ್ತಾನೇ ಇತ್ತು."

"ನಂಗೂ ಕೇಳಿಸ್ತು. ನಮ್ಮಿಬ್ರಿಗೇ."

ಬೈಯಬೇಕಿತ್ತು. ಚಪ್ಪಲಿ ಕಿತ್ತುಕೊಂಡು ಎರಡು ಬಾರಿಸಿದ್ದರೂ ಸಪ್ಪಳ ಬೇಡವೆನ್ನುತ್ತಿರಲಿಲ್ಲ. ಗುಮ್ಮ ಮಾತ್ರ "ಪರವಾಗಿಲ್ಲ ಬಿಡಿ ಭಾವ," ಎಂದು, ಹೋಗಿ ಮಂದಿರದ ನಡುವೆ ಒಂದು ಕುರ್ಚಿಯಲ್ಲಿ ಕೂತ. ಕೊನೆಯ ಬಸ್ಸು ತಪ್ಪಿದವನು ನಿಲ್ದಾಣದಲ್ಲಿ ಕೂತಂತೆ ಕೂತ. ಹೇಳಿಬಿಟ್ಟರೆ ಹುಡುಗ ಉಳಿಯುತ್ತಾನೆ ಎಂದು ಸಪ್ಪಳ ಅಂದುಕೊಂಡಿದ್ದ. ಹೇಳಿದ್ದೂ ಆಯಿತು, ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಹೆಂಡತಿ ಹತ್ತಿರ ಬಂದಿದ್ದಳು. "ನಂಗೆ ಬೆಳಿಗ್ಗೇನೇ ಏನೋ ಇಲ್ಲ ಅನ್ನಿಸ್ತು," ಎಂದಳು ಮೆಲ್ಲಗೆ. "ಹೇಳಿದ್ರೆ, ನನ್ನನ್ನ ಪಿಕ್ಚರಿಂದ ತೆಗೆದುಹಾಕಿದ್ದಕ್ಕೆ ಕೊಂಕು ತೆಗೀತೀನಿ ಅಂತೀರ ಅಂತ ಸುಮ್ನಿದ್ದೆ."

ಪರದೆಯ ಮೇಲೆ ಕೊನೆಯ ಭಾಗ ಶುರುವಾಗಿತ್ತು. ಸೊಸೆ ಉಗ್ರಾಣದ ಮುಚ್ಚಿದ ಬಾಗಿಲ ಮುಂದೆ, ನೋಡುವವರಿಗೆ ಬೆನ್ನು ಮಾಡಿ ನಿಂತಿದ್ದಳು. ಇಲ್ಲಿ ಅತ್ತೆ ಬರಬೇಕು. ಇಲ್ಲಿಗೆಂದೇ ಹೆಂಡತಿ ಮುಖಕ್ಕೆ ಬೂದಿ ಬಳಿದುಕೊಂಡು ತನ್ನದೇ ಮನೆಯ ನಡುಮನೆಯಲ್ಲಿ ಮತ್ತೆ ಮತ್ತೆ ನಡೆದಿದ್ದಳು.

"ಇಲ್ಲಿ ಕೊಡಿ," ಎಂದು ಅವಳು ಗಂಡನ ಕೈಯಿಂದ ಚಪ್ಪಲಿಗಳನ್ನು ಎಳೆದುಕೊಂಡಳು. ಕಾಲಿಗೆ ಹಾಕಿಕೊಂಡಳು. ನೆಲದ ಮೇಲೆ ಬಿದ್ದಿದ್ದ ಬೀಗದ ಕೈ ಗೊಂಚಲನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಾಪೆ ಮುಗಿದು ಬರಿಯ ಸಿಮೆಂಟಿರುವ ನಡುದಾರಿಗೆ ಬಂದು ನಿಂತಳು. ಒಮ್ಮೆ ಉಸಿರೆಳೆದುಕೊಂಡಳು. ಬಲಗಾಲು ಊರಿದಳು, ಎಡಗಾಲು ಎಳೆದಳು.

ಸಪ್ಪಳ ಇದ್ದಲ್ಲೇ ಉಳಿದ. ಅದು ಅವನು ಕೈಯಿಂದ ಮಾಡಿದ ಸದ್ದಿನಂತಿರಲಿಲ್ಲ. ಅದರಲ್ಲಿ ಒಂದು ಮೈಯ ಭಾರವಿತ್ತು. ಖಾಲಿ ಕುರ್ಚಿಗಳ ನಡುವೆ ಅದು ಸಾಲು ಸಾಲು ದಾಟಿ ಇಳಿಯುತ್ತ ಹೋಯಿತು. ಪರದೆಯಲ್ಲಿ ಸೊಸೆಯ ಹೆಗಲು ಸೆಟೆಯಿತು. ನಡುಸಾಲಿನಲ್ಲಿ ಗುಮ್ಮನ ತಲೆ ಮೆಲ್ಲಗೆ ಮೇಲೆದ್ದಿತು.

ನಡೆಯುವವಳು ತನ್ನ ಅಕ್ಕನೆಂದು ಅವನಿಗೆ ಗೊತ್ತು. ನಡೆಯಲು ಕಲಿಸಿದವನೂ ಅವನೇ. ಆದರೂ ಅವನು ಹಿಂತಿರುಗಿ ನೋಡಲಿಲ್ಲ. ಹೆಜ್ಜೆ ಅವನ ಸಾಲಿನವರೆಗೆ ಬಂದು, ಅವನ ಕುರ್ಚಿಯ ಹಿಂದೆ ನಿಂತಿತು. ಬೀಗದ ಕೈ ಒಮ್ಮೆ ಝಣ್ ಎಂದು ತಟ್ಟನೆ ಸುಮ್ಮನಾಯಿತು.

ಗುಮ್ಮ ಎರಡೂ ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡು, ಮಂಡಿಗಳನ್ನು ತಬ್ಬಿಕೊಂಡು ಕೂತ.